ಹೆಸರು ಹೇಳಿದರೆ ಇನ್ನೊಂದು ಸುತ್ತು

ಇವತ್ತು ಬೆಳಗ್ಗೆ ಬನಹಟ್ಟಿಯಿಂದ ಬಸ್ ಕಂಡಕ್ಟರರ ಕೈಯಲ್ಲಿ ನಮ್ಮ ಮನೆಗೆ ಒಂದು ಸ್ಟೀಲಿನ ಡಬ್ಬಿ ಬಂತು. ಒಳಗೆ ಪಂಚಮಿಯ ಉಂಡಿಗಳು: ಶೇಂಗಾದವು, ಎಳ್ಳಿನವು, ಬಾಯಿರುಚಿಗೆಂದು ಒಂದೆರಡು ರವೆಯವು. ಕಳಿಸಿದವಳು ನನ್ನ ಚಿಗವ್ವ, ಅಂದರೆ ಅಪ್ಪನ ತಮ್ಮನ ಹೆಂಡತಿ. ಉಂಡಿಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಈ ಸಾಲು ಬರೆಯುವ ಹೊತ್ತಿಗೆ ಶೇಂಗಾದವು ಮುಗಿದಿವೆ. ಹೇಳಹೊರಟಿದ್ದು ಡಬ್ಬಿಯ ವಿಷಯ. ಅದರ ಮುಚ್ಚಳದ ಮೇಲೆ ಎರಡು ಹೆಸರುಗಳಿವೆ. ಒಂದು ಕೆಂಪು ಬಣ್ಣದಲ್ಲಿ ದಪ್ಪಗೆ ಅಚ್ಚಾಗಿದೆ, ಅದು ಒಂದು ಬನಿಯನ್ ಕಂಪನಿಯದು. ಇನ್ನೊಂದನ್ನು ಅದರ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದಾರೆ.

ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಅವರಿಗೆ ಪುಕ್ಕಟೆ ಪ್ರಚಾರ. ಮೇಲಾಗಿ ಆ ಹೆಸರನ್ನು ಒಮ್ಮೆ ಜೋರಾಗಿ ಕೂಗಬೇಕಾಗಿ ಬಂದು ಪಟ್ಟ ಪಾಡು ಸಾಕಾಗಿದೆ, ಅದನ್ನು ಮುಂದೆ ಹೇಳುತ್ತೇನೆ. ಎರಡನೆಯ ಹೆಸರನ್ನೂ ಈಗಲೇ ಹೇಳುವುದಿಲ್ಲ. ಅದನ್ನು ನಾನು ಹೇಳಬಾರದು, ಚಿಗವ್ವನೇ ಹೇಳಬೇಕು.

ಪಾತ್ರೆಗೆ ಹೆಸರು ಹಾಕಿಸುವ ನಮ್ಮ ಕಡೆಯ ಹುಚ್ಚು ನಿಮಗೂ ಗೊತ್ತಿರಬೇಕು. ಮದುವೆಗೆ ಒಂದು ಲೋಟ ಕೊಟ್ಟರೂ ಕೊಟ್ಟವರ ಹೆಸರು, ಊರು ಅದರ ಮೇಲೆ ಕೊರೆಸದಿದ್ದರೆ ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ನಮ್ಮ ಅಡುಗೆಮನೆಯಲ್ಲಿ ನಮ್ಮ ಹೆಸರಿನ ಪಾತ್ರೆ ಒಂದೂ ಇಲ್ಲ. ನಾನು ದಿನಾ ನೀರು ಕುಡಿಯುವುದು ತೇರದಾಳದ ಒಬ್ಬ ಪುಣ್ಯಾತ್ಮರ ಲೋಟದಲ್ಲಿ. ಅವರು ನನ್ನ ಕಡೆಯವರೋ ಹೆಂಡತಿಯ ಕಡೆಯವರೋ ಎನ್ನುವುದು ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ಸಣ್ಣವನಿದ್ದಾಗ ನಾನು ಅಕ್ಷರ ಕಲಿತದ್ದೂ ಸಾಲೆಯಲ್ಲಲ್ಲ, ಊಟದ ತಾಟಿನಲ್ಲಿ. ಅನ್ನ ಖಾಲಿಯಾದಂತೆ ಕೆಳಗಿನಿಂದ ಒಂದೊಂದೇ ಅಕ್ಷರ ಕಾಣುತ್ತಿತ್ತು. ಹೆಸರು ಪೂರ್ತಿ ಓದಬೇಕೆಂದರೆ ಊಟ ಪೂರ್ತಿ ಮಾಡಬೇಕು. ಈ ಉಪಾಯದಿಂದ ಅವ್ವ ನನಗೆ ಬದನೆಕಾಯಿಯನ್ನೂ ತಿನ್ನಿಸಿದಳು.

ಪಾತ್ರೆಯಷ್ಟೇ ಅಲ್ಲ. ನಮ್ಮ ಓಣಿಯ ಮಠಕ್ಕೆ ನೂಲಿನ ವ್ಯಾಪಾರಿಯೊಬ್ಬರು ಒಂದು ಫ್ಯಾನು ಕೊಟ್ಟಿದ್ದರು. ಅದರ ಮೂರೂ ರೆಕ್ಕೆಗಳ ಮೇಲೆ ತಮ್ಮ ತೀರಿಹೋದ ತಂದೆಯ ಹೆಸರು ಬರೆಸಿದ್ದರು. ಆದರೆ ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲವಲ್ಲ! ಹೀಗಾಗಿ ಅವರು ಮಠಕ್ಕೆ ಬಂದಾಗಲೆಲ್ಲ ಯಾರಾದರೂ ಓಡಿಹೋಗಿ ಫ್ಯಾನು ಬಂದ್ ಮಾಡುತ್ತಿದ್ದರು. ಬೇಸಿಗೆಯ ಪುರಾಣ ಪ್ರವಚನದಲ್ಲಿ ಸಭೆಯೆಲ್ಲ ಬೆವರುತ್ತಾ ಕುಳಿತು ಆ ಹಿರಿಯರನ್ನು ಸ್ಮರಿಸುತ್ತಿತ್ತು. ವ್ಯಾಪಾರಿ ಎದ್ದುಹೋದ ಮೇಲೆಯೇ ಗಾಳಿ.

ಇಷ್ಟೆಲ್ಲ ಹೆಸರಿನ ಹುಚ್ಚಿದ್ದ ಊರಿನಲ್ಲಿ ಒಂದು ಹೆಸರನ್ನು ಮಾತ್ರ ಬಾಯಿಂದ ಆಡುವಂತಿರಲಿಲ್ಲ. ಹೆಂಡತಿ ಗಂಡನ ಹೆಸರು ಹೇಳಬಾರದು. ರೇಷನ್ ಅಂಗಡಿಯಲ್ಲಿ ಯಾರಾದರೂ ಕಾಕಾನ ಹೆಸರು ಕೇಳಿದರೆ ಚಿಗವ್ವ ಪಕ್ಕದಲ್ಲಿದ್ದ ನನ್ನನ್ನು ಚಿವುಟಿ, "ಹೇಳೋ ಮಲ್ಲ್ಯಾ" ಎನ್ನುತ್ತಿದ್ದಳು. ಕಾಕಾ ಎಂದರೆ ಅವಳ ಗಂಡ. ಮನೆಯಲ್ಲಿ ಅವರು 'ಇವರು', ಹೊರಗೆ 'ನಮ್ಮನಿಯವರು', ಸಿಟ್ಟು ಬಂದಾಗ 'ನಿಮ್ಮ ಕಾಕಾ'. ಸಿಟ್ಟು ಬಂದಾಗ ಮಾತ್ರ ಅವರು ನಮ್ಮ ಪಾಲಿಗೆ ಬರುತ್ತಿದ್ದರು.

ಇದಕ್ಕೆ ವರ್ಷದಲ್ಲಿ ಒಂದು ದಿನ ರಿಯಾಯಿತಿ ಇತ್ತು. ಅದು ನಾಗರ ಪಂಚಮಿಯ ದಿನ, ಅದೂ ಜೋಕಾಲಿಯ ಮೇಲೆ. ಓಣಿಯ ತುದಿಯಲ್ಲಿ ಒಂದು ಬೇವಿನ ಮರವಿತ್ತು. ಅದರ ದೊಡ್ಡ ಟೊಂಗೆಗೆ ಹಗ್ಗ ಕಟ್ಟಿ, ಹಲಗೆ ಹಾಕಿ, ಇಬ್ಬಿಬ್ಬರು ಹೆಂಗಸರು ಎದುರುಬದುರು ನಿಂತು ಜೀಕುತ್ತಿದ್ದರು. ಒಬ್ಬಳು ಮೇಲೆ ಹೋದಾಗ ಇನ್ನೊಬ್ಬಳು ಕೆಳಗೆ. ಸಾಕಷ್ಟು ಎತ್ತರ ಹೋದ ಮೇಲೆ ಕೆಳಗಿದ್ದವರು "ಹೆಸರ ಹೇಳು, ಹೆಸರ ಹೇಳು" ಎಂದು ಗದ್ದಲ ಎಬ್ಬಿಸುತ್ತಿದ್ದರು. ಗಂಡನ ಹೆಸರನ್ನು ಒಡಪು ಕಟ್ಟಿ, ಅಂದರೆ ಪ್ರಾಸದ ಎರಡು ಸಾಲಿನಲ್ಲಿ ಸೇರಿಸಿ ಹೇಳಬೇಕು. ಹೇಳದಿದ್ದರೆ ಹಗ್ಗ ಹಿಡಿದು ನಿಲ್ಲಿಸುವುದಿಲ್ಲ, ಇಳಿಯಲು ಬಿಡುವುದಿಲ್ಲ. ಹೇಳಿದರೆ ಎಲ್ಲರೂ ಹೋ ಎಂದು ನಕ್ಕು ಇನ್ನೊಂದು ಸಲ ತೂಗುತ್ತಿದ್ದರು.

ಚಿಗವ್ವನಷ್ಟು ಎತ್ತರಕ್ಕೆ ಜೀಕುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಅವಳ ಒಡಪು ಪ್ರತಿ ವರ್ಷ ಹೊಸದು. ವರ್ಷವಿಡೀ ರಾಟಿಯ ಮುಂದೆ ಕುಳಿತು ನೂಲು ಸುತ್ತುತ್ತಾ ಅದನ್ನೇ ಮನಸ್ಸಿನಲ್ಲಿ ಕಟ್ಟುತ್ತಿದ್ದಳೋ ಏನೋ. ಆ ದಿನಗಳಲ್ಲಿ ಅವಳ ಕಾಲುಗಳ ನಡುವೆ ಹಲಗೆಯ ಮೇಲೆ ಕುಳಿತಿದ್ದ ಮಗು ನಾನು. ಮಕ್ಕಳನ್ನು ಹಾಗೆ ಕೂರಿಸಿಕೊಂಡು ತೂಗುವುದು ಪ್ರೀತಿಯ ಲಕ್ಷಣ. ನನಗೆ ಮಾತ್ರ ಕಾಣುತ್ತಿದ್ದದ್ದು ಅವಳ ಕಾಲುಂಗುರ ಮತ್ತು ಅದರಾಚೆ ದಿಢೀರನೆ ಕೆಳಗಿಳಿಯುವ ಭೂಮಿ. ಒಂದು ವರ್ಷ ನಾನು ಚೀರಿದ ಚೀರಿಗೆ ಹಗ್ಗ ಹರಿಯಿತೆಂದು ತಿಳಿದು ಓಣಿಯ ಗಂಡಸರೆಲ್ಲ ಓಡಿ ಬಂದಿದ್ದರು. ಮುಂದೆ ನಾನು ಜಮಖಂಡಿಯ ಸಾಲೆಯಲ್ಲಿ ಭೂಗೋಳದ ಮಾಸ್ತರನಾದೆ. ಮಕ್ಕಳಿಗೆ ಹಿಮಾಲಯದ ಶಿಖರಗಳನ್ನೆಲ್ಲ ಹತ್ತಿಸಿ ಇಳಿಸುತ್ತೇನೆ, ಆದರೆ ನಮ್ಮ ಮನೆಯ ಮಾಳಿಗೆಯ ನೀರಿನ ಟ್ಯಾಂಕು ತೊಳೆಯಲು ಇಂದಿಗೂ ಹೆಂಡತಿಯೇ ಹತ್ತಬೇಕು.

ಇನ್ನು ಕಾಕಾ. ಹೆಂಗಸರ ಜೋಕಾಲಿಯ ಹತ್ತಿರ ಗಂಡಸರು ಸುಮ್ಮನೆ ನಿಲ್ಲುವಂತಿರಲಿಲ್ಲ, ಏನಾದರೂ ಕೆಲಸ ಬೇಕು. ಸರಿಯಾಗಿ ಚಿಗವ್ವ ಹಲಗೆ ಏರುವ ಹೊತ್ತಿಗೆ ಕಾಕಾನ ಸೈಕಲ್ಲಿನ ಚೈನು ಬೇವಿನ ಮರದ ಕೆಳಗೇ ಬೀಳುತ್ತಿತ್ತು. ವರ್ಷದ ಉಳಿದ ದಿನ ಆ ಚೈನು ಬಿದ್ದದ್ದನ್ನು ನಾನು ಕಂಡಿಲ್ಲ. ಅವರು ತಲೆ ತಗ್ಗಿಸಿ ಚೈನು ಸರಿಮಾಡುತ್ತಾ ಕೂರುತ್ತಿದ್ದರು. ಮೇಲಿನಿಂದ ಒಡಪು ಬರುತ್ತಿತ್ತು, ಅದರಲ್ಲಿ ಅವರ ಹೆಸರು ಬರುತ್ತಿತ್ತು. ಕಾಕಾ ನಿಧಾನಕ್ಕೆ ತಲೆಯೆತ್ತಿ, "ಏನಂದೀ? ಮಗ್ಗದ ಸಪ್ಪಳದಾಗ ಕೇಳಲಿಲ್ಲ, ಇನ್ನೊಮ್ಮೆ ಹೇಳು" ಎನ್ನುತ್ತಿದ್ದರು. ಹಬ್ಬದ ದಿನ ಬನಹಟ್ಟಿಯಲ್ಲಿ ಒಂದು ಮಗ್ಗವೂ ನಡೆಯುತ್ತಿರಲಿಲ್ಲ. ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಚಿಗವ್ವ ಬೈಯುತ್ತಲೇ ಇನ್ನೊಮ್ಮೆ ಹೇಳುತ್ತಿದ್ದಳು.

ಕಾಕಾ ತೀರಿಕೊಂಡ ಮೇಲೆ ಚಿಗವ್ವ ಜೋಕಾಲಿ ಏರಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಅವಳು ಪಕ್ಕದಲ್ಲಿ ನಿಂತು ಸೊಸೆಯಂದಿರ ಜೋಕಾಲಿಯ ಹಗ್ಗ ಹಿಡಿಯುತ್ತಿದ್ದಳು. ಆಮೇಲೆ ಗಟಾರ ಅಗಲ ಮಾಡಲು ಬೇವಿನ ಮರವನ್ನೂ ಕಡಿದರು, ಹಗ್ಗ ಹಿಡಿಯುವ ಕೆಲಸವೂ ಹೋಯಿತು.

ಹೋದ ವರ್ಷದ ಪಂಚಮಿಗೆ ನಾನು, ಕಾಲೇಜಿಗೆ ಹೋಗುವ ನನ್ನ ಮಗಳು ಪಲ್ಲವಿ ಬನಹಟ್ಟಿಗೆ ಹೋಗಿದ್ದೆವು. ಮಾತು ಮರದ ಮೇಲೆ ಬಂತು. ಚಿಗವ್ವ ಉಂಡಿಗೆ ಬೆಲ್ಲ ಕುಟ್ಟುತ್ತಾ, ನಮ್ಮ ಮುಖ ನೋಡದೆ, "ಒಮ್ಮೆ ಜೀಕಬೇಕು ಅನ್ನಸ್ತೈತಿ, ಮಲ್ಲ್ಯಾ. ಸಾಯೂದರಾಗ ಒಂದ ಸಲ. ಆದ್ರ ಈಗ ನನಗ ಹೆಸರ ಯಾರ್ ಕೇಳ್ತಾರ?" ಎಂದಳು. ಇಷ್ಟು ವರ್ಷ ನಾವೆಲ್ಲ ಅವಳ ಮುಂದೆ ಕಾಕಾನ ಹೆಸರು ಎತ್ತದೆ ಇದ್ದದ್ದು ಅವಳಿಗೆ ನೋವಾಗದಿರಲಿ ಎಂದು. ಅವಳಿಗೆ ಅದೇ ನೋವಾಗಿತ್ತು.

ಪಲ್ಲವಿ ನನ್ನ ಹಾಗೆ ಯೋಚಿಸುತ್ತಾ ಕೂರುವವಳಲ್ಲ. ಚಿಗವ್ವ ಅವಳಿಗೆ ಆಯಿ, ಅಂದರೆ ಅಜ್ಜಿ. "ಆಯಿ, ಮುಧೋಳ ದಾಟಿದ ಮ್ಯಾಲ ಹೊಸಾ ಪಾರ್ಕ್ ಆಗೈತಿ. ಅಲ್ಲಿ ಹಡಗಿನಂಥಾ ಜೋಕಾಲಿ ಐತಿ, ಎರಡಂತಸ್ತಿನ ಮನಿಯಷ್ಟ ಎತ್ತರ ಹೋಗ್ತೈತಿ. ನಾಳೆ ಹೋಗೂಣು" ಎಂದಳು.

"ಎದುರುಬದುರು ಐತೇನು?" ಎಂದು ಚಿಗವ್ವ ಕೇಳಿದಳು.

"ಎದುರುಬದುರ ಐತಿ. ಅರ್ಧಾ ಮಂದಿ ಈ ಕಡೆ, ಅರ್ಧಾ ಮಂದಿ ಆ ಕಡೆ."

ಚಿಗವ್ವ ಕುಟ್ಟುವುದನ್ನು ನಿಲ್ಲಿಸಿದಳು. ನಾನು ಆಗಲೇ ತಪ್ಪಿಸಿಕೊಳ್ಳಲು ನೆವ ಹುಡುಕತೊಡಗಿದ್ದೆ.

ಮರುದಿನ ಮಹಾಲಿಂಗಪುರದ ಮೇಲೆ ಹಾಯ್ದು ಮುಧೋಳ ದಾಟಿ ಹೋದೆವು. ಲೋಕಾಪುರದ ದಾರಿಯಲ್ಲಿ ಕಬ್ಬಿನ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಬಣ್ಣಬಣ್ಣದ ಕಬ್ಬಿಣದ ಕಂಬಗಳು ಎದ್ದು ನಿಂತಿದ್ದವು. ಬಾಗಿಲಲ್ಲೇ ಮೊದಲ ಜಗಳ. ಹೊರಗಿನ ತಿಂಡಿ ಒಳಗೆ ತರುವಂತಿಲ್ಲ ಎಂದು ಕಾವಲುಗಾರ ಚಿಗವ್ವನ ಕೈಚೀಲ ತಡೆದ. ಚೀಲದಲ್ಲಿ ನಾಲ್ಕು ಊರಿಗೆ ಸಾಲುವಷ್ಟು ಉಂಡಿ ಇದ್ದವು.

"ಇದು ತಿಂಡಿ ಅಲ್ಲೋ ತಮ್ಮಾ, ಪಂಚಮಿ ಉಂಡಿ. ಹಬ್ಬದಾಗ ಉಂಡಿ ಒಲ್ಲೆ ಅನ್ನಬಾರ್ದು. ಕೈ ಹಿಡಿ" ಎಂದಳು ಚಿಗವ್ವ. ಅವನು ಹಿಡಿದ. ಅವನ ಜೊತೆಗಾರನೂ ಹಿಡಿದ. ಟಿಕೆಟ್ ಕೊಡುವ ಹುಡುಗಿ ಕಿಟಕಿಯಿಂದಲೇ ಕೈ ಚಾಚಿದಳು. ಬಾಯಿ ತುಂಬ ಉಂಡಿ ಇದ್ದವರು ಬೇಡ ಎನ್ನುವುದು ಹೇಗೆ? ಚೀಲ ಒಳಗೆ ಬಂತು.

ಒಳಗೆ ಹೋದ ಕೂಡಲೇ ನನಗೆ ನಮ್ಮ ಅಡುಗೆಮನೆ ನೆನಪಾಯಿತು. ಎಲ್ಲಿ ನೋಡಿದರೂ ಹೆಸರು! ಅಲ್ಲಿನ ಒಂದೊಂದು ಆಟವನ್ನು ಒಂದೊಂದು ಕಂಪನಿ ಹಿಡಿದಿತ್ತು. ಮೇಲಿನಿಂದ ದೊಪ್ಪನೆ ಬೀಳಿಸುವ ಕಂಬ ಒಂದು ತಲೆಯೆಣ್ಣೆಯವರದು, ಕೂದಲು ನೆಟ್ಟಗಾಗುವುದು ಗ್ಯಾರಂಟಿ. ಡೊಂಕುಡೊಂಕಾಗಿ ಓಡುವ ರೈಲು ಪೈಪಿನವರದು. ನಟ್ಟನಡುವೆ ಆಳೆತ್ತರದ ಮುಧೋಳ ನಾಯಿಯ ಬೊಂಬೆ ನಿಂತಿತ್ತು, ಅದಕ್ಕೆ ನಮ್ಮ ಬನಿಯನ್ ಕಂಪನಿಯವರು ಬನಿಯನ್ ತೊಡಿಸಿದ್ದರು. ಮುಧೋಳ ನಾಯಿಯ ಮೈ ನಿಮಗೆ ಗೊತ್ತು, ಎಲುಬು ಎಣಿಸಬಹುದು. ಬನಿಯನ್ ಜೋತುಬಿದ್ದು ಗಾಳಿಗೆ ಹಾರುತ್ತಿತ್ತು. "ಪಾಪ, ನಾಯಿಗೆ ಅಳತಿ ಸೈತ ತಗೊಂಡಿಲ್ಲ" ಎಂದು ಚಿಗವ್ವ ಮರುಗಿದಳು.

ನೆರಳಿನಲ್ಲಿ ಒಂದು ಬೆಂಚು ಇತ್ತು. ಅದರ ಬೆನ್ನಿನ ಮೇಲೆ ಒಂದು ನೋವಿನ ಮುಲಾಮಿನ ಹೆಸರು, ಕೆಳಗೆ 'ಇವರ ಕೊಡುಗೆ' ಎಂದು ಬರೆದಿತ್ತು. ಚಿಗವ್ವ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಆಮೇಲೆ ಚಪ್ಪಲಿ ಬಿಟ್ಟು, ಬೆಂಚಿಗೆ ಕೈ ಮುಗಿದು, "ಯಾವಾಗ ಹೋದ್ರಂತ ಪಾಪ?" ಎಂದು ಕೇಳಿದಳು.

"ಯಾರ್ ಆಯಿ?"

"ಇವ್ರ. ಬೆಂಚ್ ಮ್ಯಾಲ ಹೆಸರ ಹಾಕ್ಯಾರಲ್ಲ."

ಅದು ಮುಲಾಮು, ಸತ್ತವರ ಹೆಸರಲ್ಲ ಎಂದು ಪಲ್ಲವಿ ತಿಳಿಸಿ ಹೇಳಿದಳು. ಚಿಗವ್ವ ಸ್ವಲ್ಪವೂ ಅಳುಕಲಿಲ್ಲ. "ಮುಲಾಮ ಆದ್ರೇನಾತು, ಮಂದಿ ಕುಂದ್ರಾಕ ಜಾಗಾ ಮಾಡ್ಯಾರ. ಪುಣ್ಯಾ ಬರ್ಲಿ" ಎಂದು ಕುಳಿತಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಬಸ್‌ಸ್ಟ್ಯಾಂಡಿನ ಬೆಂಚಿನಿಂದ ಮಠದ ಫ್ಯಾನಿನವರೆಗೆ ಹೆಸರು ಕಂಡಲ್ಲೆಲ್ಲ ಒಬ್ಬ ಸತ್ತ ಮನುಷ್ಯ ಇದ್ದೇ ಇರುತ್ತಾನೆ.

ಹಡಗಿನ ಜೋಕಾಲಿ ಪಾರ್ಕಿನ ಕೊನೆಯಲ್ಲಿತ್ತು. ನಿಜಕ್ಕೂ ದೊಡ್ಡದು. ಅದರ ಹೊಟ್ಟೆಯ ಮೇಲೆ ಬನಿಯನ್ ಕಂಪನಿಯ ಹೆಸರು ಒಂದು ಲಾರಿಯಷ್ಟು ಉದ್ದಕ್ಕೆ ಬರೆದಿತ್ತು. ಅದು ಒಂದು ಕಡೆಗೆ ಏರಿದಾಗ ಕುಳಿತವರೆಲ್ಲ ಒಂದೇ ದನಿಯಲ್ಲಿ ಚೀರುತ್ತಿದ್ದರು. ನಾನು ಚೀರದೆಯೇ ನೆಲದ ಮೇಲೆ ನಿಂತು ಬೆವೆತೆ. ಚಿಗವ್ವನ ಕಣ್ಣು ಮಾತ್ರ ಹಡಗಿನ ಜೊತೆ ಆ ಕಡೆ ಈ ಕಡೆ ಹೋಗುತ್ತಿತ್ತು. ಸರದಿಯಲ್ಲಿ ಮುಂದೆ ಬಂದಾಗ ಹಡಗು ನಡೆಸುವವನು ಅವಳನ್ನು ನೋಡಿ ಕೈ ಅಡ್ಡ ಇಟ್ಟ.

"ಆಯಿ, ನೀವು ಹತ್ತಂಗಿಲ್ರಿ. ವಯಸ್ಸಾದವ್ರಿಗೆ ನಮ್ಮ ಡಾಕ್ಟರ್ ಕಡೆಯವ್ರ ಒಪ್ಪಿಗಿ ಬೇಕು. ನಿಮ್ಮಂಥಾವ್ರಿಗಂತ ಅಲ್ಲಿ ಆರಾಮ ಕೋಣಿ ಮಾಡೇವಿ, ಅಲ್ಲಿ ಕುಂದರ್ರಿ."

ಆರಾಮ ಕೋಣೆ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಮೆತ್ತನೆಯ ಸೋಫಾ, ನೀರಿನ ಹನಿ ತೂರುವ ಫ್ಯಾನು, ಕಾಲು ಇಟ್ಟರೆ ಒತ್ತಿಕೊಡುವ ಮಿಶನ್ನು, ಎಲ್ಲ ಆ ಮುಲಾಮಿನವರದೇ ಕೊಡುಗೆ. ನನಗಂತೂ ಸ್ವರ್ಗ. ಎರಡೂ ಕಾಲನ್ನು ಮಿಶನ್ನಿನಲ್ಲಿಟ್ಟು ಕಣ್ಣು ಮುಚ್ಚಿ, ಗಂಡಾಂತರ ತಪ್ಪಿತೆಂದು ಮನಸ್ಸಿನಲ್ಲೇ ಆ ಹಡಗಿನವನಿಗೆ ದೀರ್ಘಾಯುಷ್ಯ ಕೋರಿದೆ. ಚಿಗವ್ವ ಸೋಫಾದ ತುದಿಯಲ್ಲಿ ನೆಟ್ಟಗೆ ಕುಳಿತಿದ್ದಳು. ಅವಳ ಉಂಡಿ ಚೀಲ ತೊಡೆಯ ಮೇಲಿತ್ತು.

"ಮಲ್ಲ್ಯಾ," ಎಂದಳು, "ಸುಮ್ಮಕ ಕುಂದ್ರಾಕ ಇಲ್ಲಿತನಾ ಬರಬೇಕಿತ್ತೇನು? ನಮ್ಮನಿ ಕಟ್ಟಿ ಇದ್ದಿದ್ದಿಲ್ಲೇನು?"

ಅವಳ ದನಿ ಸಣ್ಣದಾಗಿತ್ತು. ನಾನು ಮಿಶನ್ನಿನಿಂದ ಕಾಲು ತೆಗೆದೆ. ಕೋಣೆಯಲ್ಲಿ ಬಿಪಿ ನೋಡಲು ಒಬ್ಬ ನರ್ಸ್ ಕುಳಿತಿದ್ದಳು. ಪಲ್ಲವಿ ಹೋಗಿ ಅವಳಿಗೆ ಏನೋ ಹೇಳಿದಳು. ನರ್ಸ್ ಬಂದು ಚಿಗವ್ವನ ತೋಳಿಗೆ ಪಟ್ಟಿ ಸುತ್ತಿ ನೋಡಿದಳು, ಎದೆಬಡಿತ ಕೇಳಿದಳು, ಮೊಣಕಾಲು ನೋವು, ತಲೆಸುತ್ತು ಎಲ್ಲ ವಿಚಾರಿಸಿದಳು. "ಆಯಿ, ನಂದಕಿಂತ ನಿಮ್ಮದ ಛಲೋ ಐತಿ. ಆದ್ರ ಜೋಡಿ ಮನಿ ಮಂದಿ ಇರಬೇಕ್ರಿ" ಎಂದಳು. ನಾನು ಆಸೆಯಿಂದ ನನ್ನ ತೋಳನ್ನೂ ಮುಂದೆ ಚಾಚಿದೆ. ನನ್ನ ಬಿಪಿ ಏರಿರಲಿ ಎಂದು ಜೀವನದಲ್ಲಿ ಮೊದಲ ಬಾರಿಗೆ ದೇವರನ್ನು ಬೇಡಿಕೊಂಡೆ. ಕೆಟ್ಟ ಕಾಲ, ಸರಿಯಾಗಿಯೇ ಇತ್ತು.

ಹಡಗಿನಲ್ಲಿ ಪಲ್ಲವಿ ಚಿಗವ್ವನ ಪಕ್ಕದಲ್ಲಿ ಕುಳಿತಳು. ನಾನು ಇನ್ನೊಂದು ಪಕ್ಕ ಕೂರಲು ಹೋದಾಗ ಚಿಗವ್ವ ತಡೆದಳು.

"ಎದುರು ಯಾರೂ ಇಲ್ದಿದ್ರ ಅದೇನ್ ಜೋಕಾಲಿ? ನೀ ಆ ತುದೀಗ ಹೋಗು."

ಆ ತುದಿಗೆ ಹೋದೆ. ಎದೆಗೆ ಅಡ್ಡಲಾಗಿ ಕಬ್ಬಿಣದ ಸರಳು ಬಂತು. ಎದುರಿನ ತುದಿಯಲ್ಲಿ ಚಿಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದ್ದು ನಿಲ್ಲಲು ನೋಡುತ್ತಿದ್ದಳು. "ಕುಂತು ಆಡೂದೇನು, ನಾವೇನ್ ಸಣ್ಣ ಹುಡುಗ್ರೇನು" ಎಂದು ಹಡಗಿನವನ ಜೊತೆ ಅವಳ ವಾದ ನಡೆದಿತ್ತು. ಪಲ್ಲವಿ ಅವಳನ್ನು ಜಗ್ಗಿ ಕೂರಿಸಿದಳು.

ಮುಂದಿನದನ್ನು ನಾನು ಅರ್ಧ ಕಣ್ಣು ಮುಚ್ಚಿ ನೋಡಿದ್ದು. ಮೊದಲು ಹಡಗು ಮೆಲ್ಲಗೆ ತೂಗಿತು, ಆಮೇಲೆ ಏರತೊಡಗಿತು. ನಾನು ಕೆಳಗಿಳಿದಾಗ ಚಿಗವ್ವ ಆಕಾಶದಲ್ಲಿರುತ್ತಿದ್ದಳು, ನಾನು ಆಕಾಶದಲ್ಲಿದ್ದಾಗ ಅವಳು ನನ್ನ ಕಾಲ ಕೆಳಗೆ. ಸುತ್ತಲಿನವರೆಲ್ಲ ಚೀರುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಚೀರುತ್ತಿದ್ದವನು ಭೂಗೋಳದ ಮಾಸ್ತರ. ಚಿಗವ್ವ ಚೀರುತ್ತಿರಲಿಲ್ಲ. ಹಡಗು ಏರುವಾಗ ಮೊಣಕಾಲು ಮಡಿಚಿ, ಇಳಿಯುವಾಗ ಚಾಚಿ, ಆ ದೊಡ್ಡ ಯಂತ್ರವನ್ನು ತಾನೇ ಜೀಕುತ್ತಿರುವಂತೆ ಕಾಲಾಡಿಸುತ್ತಿದ್ದಳು. ಹೆರಳು ಬಿಚ್ಚಿತ್ತು. ಅವಳ ಮುಖ ನೋಡಿ ನನಗೆ ಒಂದು ಗಳಿಗೆ ಭಯ ಮರೆತುಹೋಯಿತು, ಮತ್ತೆ ಹಡಗು ಇಳಿದಾಗ ನೆನಪಾಯಿತು.

ಆಟದ ನಡುವೆ ಹಡಗಿನ ವೇಗ ಇಳಿಸಿ ಹೆಚ್ಚುಕಡಿಮೆ ನಿಲ್ಲಿಸಿದರು. ಕೆಳಗೆ ಕಂಪನಿಯ ಬನಿಯನ್ ಅಂಗಿಯ ಮೇಲೆಯೇ ತೊಟ್ಟಿದ್ದ ಹುಡುಗಿಯೊಬ್ಬಳು ಮೈಕು ಹಿಡಿದು ಕೂಗಿದಳು: "ಹೆಸರು ಹೇಳ್ರಿ! ಹೆಸರು ಹೇಳಿದ್ರ ಇನ್ನೊಂದು ಸುತ್ತು! ಯಾರ ಹೆಸರು? ಜೋರಾಗಿ!"

ಹಡಗಿನಲ್ಲಿದ್ದ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಒಕ್ಕೊರಲಿನಿಂದ ಬನಿಯನ್ ಕಂಪನಿಯ ಹೆಸರು ಕೂಗಿದರು. ನಾನೂ ಕೂಗಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಕೂಗದಿದ್ದರೆ ಇಳಿಸುವುದಿಲ್ಲವೇನೋ ಎಂಬ ಹಳೆಯ ಹೆದರಿಕೆ.

ಎದುರಿನಿಂದ ಚಿಗವ್ವ ಗಾಬರಿಯಾಗಿ ಕೇಳಿದಳು: "ಮಲ್ಲ್ಯಾ, ಇವ್ರಿಗೆಲ್ಲಾ ಒಬ್ಬನ ಗಂಡ ಏನೋ?"

ಹಡಗು ಹಡಗೇ ನಕ್ಕಿತು. ಮೈಕಿನ ಹುಡುಗಿಯೂ ನಕ್ಕಳು. ಅವಳು ಕಟಾಂಜನದ ಹತ್ತಿರ ಬಂದು, ಎಲ್ಲರಿಗಿಂತ ಹಿರಿಯಳೆಂದು ಚಿಗವ್ವನ ಕಡೆಗೇ ಮೈಕು ಚಾಚಿ, "ಹಂಗಾದ್ರ ನೀವ ಹೇಳ್ರಿ ಆಯಿ. ಯಾರ ಹೆಸರು?" ಎಂದಳು. ಅವಳಿಗೆ ಬೇಕಾಗಿದ್ದದ್ದು ಕಂಪನಿಯ ಹೆಸರೇ.

ಚಿಗವ್ವ ಮೈಕನ್ನು ನೋಡಿದಳು. ಪಂಚಮಿಯ ಮಾರನೆಯ ದಿನ, ಜೋಕಾಲಿಯ ಮೇಲೆ, ಒಬ್ಬರು ಅವಳನ್ನು ಹೆಸರು ಕೇಳಿದ್ದರು. ಕಾಕಾ ಹೋದ ಮೇಲೆ ಮೊದಲ ಸಲ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು, ಗಂಟಲು ಸರಿಮಾಡಿಕೊಂಡಳು. ಆಮೇಲೆ ಅವಳ ದನಿ ಪಾರ್ಕಿನ ಎಲ್ಲ ಕಂಬಗಳ ಸ್ಪೀಕರಿನಿಂದ ಹೊರಟಿತು:

"ಮ್ಯಾಲ ಹೋದ್ರ ಮುಗಲು, ಕೆಳಗ ಬಂದ್ರ ನೆಲ,
ಚನಬಸಪ್ಪನವರು ಸೈಕಲ್ ಹಿಡದು ನಿಂತಾರ, ಇಳಿಯಾಕ ನನಗ ಮನಸಿಲ್ಲ."

ನಾನು ನಿಜಕ್ಕೂ ಕೆಳಗೆ ನೋಡಿದೆ, ಅಲ್ಲಿ ಸೈಕಲ್ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಎದೆಯ ಮೇಲಿನ ಸರಳನ್ನು ಎರಡೂ ಕೈಯಲ್ಲಿ ಅವಚಿಕೊಂಡಿದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಅಷ್ಟರಲ್ಲಿ ನನ್ನ ಪಕ್ಕದ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದಳು, ಆಮೇಲೆ ಹಡಗೆಲ್ಲ. ಮೈಕಿನ ಹುಡುಗಿ ಮೈಕು ಬದಿಗೆ ಹಿಡಿದು, "ನಮ್ಮೂರು ಇಲ್ಲೇ ಬಾಜೂಕ, ರನ್ನ ಬೆಳಗಲಿರಿ. ಪಂಚಮ್ಯಾಗ ನಮ್ಮವ್ವಗ ಹಿಂಗ ಹೆಸರ ಕೇಳೂದು ನೋಡೇನಿ" ಎಂದಳು. ಹಡಗಿನವನಿಗೆ ಕೈ ಮಾಡಿದಳು. ಇನ್ನೊಂದು ಸುತ್ತು ಶುರುವಾಯಿತು. ನನಗೆ ಎರಡನೆಯ ಶಿಕ್ಷೆ.

ಅಲ್ಲಿಂದ ಮುಂದೆ ಕಂಪನಿಯ ಲೆಕ್ಕಾಚಾರ ಕೆಟ್ಟಿತು. ಸರದಿಯಲ್ಲಿ ನಿಂತ ಹೆಂಗಸರೆಲ್ಲ ಒಡಪು ಕಟ್ಟತೊಡಗಿದರು. ಮುಂದೆ ಹತ್ತಿದವರು ಮೈಕಿನಲ್ಲಿ ತಮ್ಮ ತಮ್ಮ ಗಂಡಂದಿರ ಹೆಸರೇ ಹೇಳಿದರು. ಗಂಡಂದಿರು ಕೆಳಗೆ ಚಪ್ಪಲಿಯ ಉಂಗುಟ ಸರಿಮಾಡುತ್ತಾ, ಮೊಬೈಲು ನೋಡುತ್ತಾ ಕೆಂಪಗಾಗಿ ನಿಂತರು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಕಂಪನಿಯ ಅಧಿಕಾರಿಯೊಬ್ಬ ಓಡಿ ಬಂದು, "ಬ್ರ್ಯಾಂಡ್ ಹೆಸರು ಹೇಳಿಸ್ರಿ, ಬ್ರ್ಯಾಂಡ್" ಎಂದು ಬಾಯಿ ಬಡಿದುಕೊಂಡ. ಚಿಗವ್ವ ಅವನ ಕೈಯಲ್ಲಿ ಎರಡು ಉಂಡಿ ಇಟ್ಟು, "ನಿಂದೂ ಹೆಸರ ಹೇಳೂ ಹುಡುಗಿ ಸಿಗ್ತಾಳ ತಗೋ" ಎಂದು ಸಮಾಧಾನ ಮಾಡಿದಳು. ಮೈಕಿನ ಹುಡುಗಿ ಅವನಿಗೆ ಬೆನ್ನು ತಿರುಗಿಸಿ ನಗು ನುಂಗುತ್ತಾ, ಹೆಸರು ಹೇಳಿದವರಿಗೆ ಕೊಡುವ ಬಹುಮಾನವನ್ನು ಚಿಗವ್ವನಿಗೆ ಕೊಟ್ಟಳು. ಅದೇ ಈ ಸ್ಟೀಲಿನ ಡಬ್ಬಿ.

ಮರಳಿ ಬನಹಟ್ಟಿಗೆ ಬಂದಾಗ ಸಂಜೆಯಾಗಿತ್ತು. ಚಿಗವ್ವ ಮನೆಗೆ ಹೋಗಲು ಒಪ್ಪದೆ ಪೇಟೆಯಲ್ಲೇ ಇಳಿದಳು. ಪಾತ್ರೆ ಅಂಗಡಿಗಳ ಸಾಲಿನಲ್ಲಿ ಹೆಸರು ಕೊರೆಯುವ ಮುದುಕನೊಬ್ಬ ಕೂರುತ್ತಾನೆ. ನಮ್ಮ ಮನೆತನದ ಎಲ್ಲ ಮದುವೆಗಳ ಲೋಟ, ತಾಟು ಅವನ ಕೈಯಲ್ಲೇ ಹಾಯ್ದಿವೆ. ಡಬ್ಬಿಯನ್ನು ಅವನ ಮುಂದಿಟ್ಟು ಚಿಗವ್ವ, "ಇದರ ಮ್ಯಾಲ ಹೆಸರ ಹಾಕು" ಎಂದಳು.

ಅವನು ಕೆಂಪು ಅಕ್ಷರ ನೋಡಿ, "ಹೆಸರ ಐತೆಲ್ರಿ ಅವ್ವಾರ" ಎಂದ.

"ಅದು ಡಬ್ಬಿ ಮಾಡಿಸಿದವ್ರದು. ಕೊಟ್ಟವ್ರದು ಹಾಕು."

"ಕೊಟ್ಟವ್ರ ಯಾರ್ರಿ?"

ಚಿಗವ್ವ ಅಭ್ಯಾಸದಂತೆ ನನ್ನನ್ನು ಚಿವುಟಲು ಕೈ ಎತ್ತಿದಳು. ಅವಳು 'ಹೇಳೋ ಮಲ್ಲ್ಯಾ' ಎನ್ನುವುದನ್ನು ಕಾಯುತ್ತಾ ನಾನು ಬಾಯಿ ತೆರೆದೆ. ಆದರೆ ಅವಳು ಕೈ ಕೆಳಗಿಳಿಸಿ, ಆ ತುಂಬಿದ ಪೇಟೆಯಲ್ಲಿ ನಿಂತು, ಇಡೀ ಒಡಪನ್ನು ಮೊದಲಿನಿಂದ ಹೇಳಿದಳು. ಪಕ್ಕದ ಅಂಗಡಿಯವರು ತಕ್ಕಡಿ ಹಿಡಿದಲ್ಲೇ ತಿರುಗಿ ನೋಡಿದರು.

ಮುದುಕ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಮಿಶನ್ನನ್ನು ಅವನಿನ್ನೂ ಶುರುವೇ ಮಾಡಿರಲಿಲ್ಲ. ನಿಧಾನಕ್ಕೆ ತಲೆಯೆತ್ತಿ ಹೇಳಿದ:

"ಮಿಶನ್ ಸಪ್ಪಳದಾಗ ಕೇಳಲಿಲ್ರಿ ಅವ್ವಾರ. ಇನ್ನೊಮ್ಮೆ ಹೇಳ್ರಿ."

ಚಿಗವ್ವ ಅವನಿಗೊಂದು ಬೈದು, ಇನ್ನೊಮ್ಮೆ ಹೇಳಿದಳು.